ಐನ್‌ಮನೆಗೆ ಬಂದ ಎಂಜಲಿನ ಕೊಳವೆ

ಪುಟ್ಟ ಪೆಟ್ಟಿಗೆ, ಒಂದು ಪ್ಲಾಸ್ಟಿಕ್ ಕೊಳವೆ, ಎರಡು ಮಿಲಿಲೀಟರ್ ಎಂಜಲು. ಕೆಲವು ವಾರ ಕಾದರೆ ನಿಮ್ಮ ಮೂಲ ಯಾವುದೆಂದು ಮೊಬೈಲಿಗೇ ವರದಿ! 'ನೀನು ಯಾವ ಒಕ್ಕ?' ಎಂದು ಮನೆತನ ವಿಚಾರಿಸುವ ಪ್ರಶ್ನೆಯಿಂದಲೇ ಪರಿಚಯ ಶುರುವಾಗುವ ಕೊಡಗಿನಲ್ಲಿ ಈ ಡಿಎನ್‌ಎ ಕಿಟ್‌ನ ಮಾತನ್ನು ಎಷ್ಟು ನಂಬಬೇಕು, ಹೇಗೆ ಓದಬೇಕು?

ಗದ್ದೆಯಿಂದ ಕದಿರು ಬಂದಾಗಿತ್ತು. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ತೂಗುದೀಪಕ್ಕೆ, ಕಂಬಗಳಿಗೆ, ಬಾಗಿಲಿಗೆ ಹೊಸ ತೆನೆ ಕಟ್ಟಿದ್ದರು. ಹಾರಿಸಿದ ಕೋವಿಯ ಮದ್ದಿನ ವಾಸನೆ ಅಂಗಳದಲ್ಲಿ ಇನ್ನೂ ಇತ್ತು. ನಾಪೋಕ್ಲು ಕಡೆಯ, ಒಕ್ಕದ ಮೂಲಮನೆಯಾದ ಆ ಐನ್‌ಮನೆಗೆ ಮೈಸೂರಿನಿಂದ, ಬೆಂಗಳೂರಿನಿಂದ, ಕಡಲಾಚೆಯಿಂದ ಬಂದ ಒಕ್ಕದವರೆಲ್ಲ ಸುಗ್ಗಿಹಬ್ಬ ಪುತ್ತರಿಯ ಊಟಕ್ಕೆ ಕೂರುವ ಹೊತ್ತು. ಸ್ನೇಹಿತರ ಕರೆಯ ಮೇಲೆ ನಾನೂ ಅಲ್ಲಿದ್ದೆ.

ಜಗಲಿ ಕಯ್ಯಾಲೆಯ ಐಮರದ ಹಲಗೆಯ ಮೇಲೆ ಅಮೆರಿಕದಿಂದ ರಜೆಗೆ ಬಂದ ಹುಡುಗಿಯೊಬ್ಬಳು ಬಿಳಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಳು. ಒಳಗೊಂದು ಕೊಳವೆ, ಅದಕ್ಕೊಂದು ಆಲಿಕೆ. ಅಜ್ಜಿ ತಂಬುಟ್ಟಿನ ತಟ್ಟೆ ಹಿಡಿದು ಬಂದರು. "ಅರ್ಧ ಗಂಟೆ ಏನೂ ತಿನ್ನಬಾರದಂತೆ ಅಜ್ಜಿ, ಕುಡಿಯಲೂಬಾರದಂತೆ" ಎಂದಳು.

ಪಕ್ಕದಲ್ಲೇ ಇದ್ದ, ಒಕ್ಕದ ಹಿರಿಯರಾದ ಪಟ್ಟೆದಾರರು ಕೇಳಿದರು: "ಎಂತ ಕುಂಞಿ ಅದು?"

"ಡಿಎನ್‌ಎ ಕಿಟ್, ಬಲ್ಯಪ್ಪ. ಇದರಲ್ಲಿ ಉಗಿದು ಕಳಿಸಿದರೆ ನಾವು ಯಾರಿಂದ ಬಂದವರು ಅಂತ ಹೇಳುತ್ತಾರೆ."

ಅವರು ಕತ್ತಲಲ್ಲಿ, ಮೂಲಪುರುಷ ಕಾರೋಣನ ಗುಡಿಯಾದ ಕೈಮಡದ ಕಡೆ ಕೈ ತೋರಿಸಿದರು. "ಕಾರೋಣನಿಂದ ಬಂದವರು. ಬೆಳಿಗ್ಗೆ ಅಲ್ಲೇ ದೀಪ ಇಟ್ಟೆಯಲ್ಲ."

ಅವರದು ಹುಡುಗಾಟದ ಮಾತಾಗಿರಲಿಲ್ಲ, ಅವಳದೂ ಅಲ್ಲ. ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ ಎಂದು ನನಗೆ ಆ ಕ್ಷಣ ಅನ್ನಿಸಿತ್ತು. ಆಮೇಲೆ ಓದಿ, ಕೇಳಿ, ವಿಚಾರ ಮಾಡಿದ ಮೇಲೆ ಗೊತ್ತಾಯಿತು: ಅವರು ಉತ್ತರಿಸುತ್ತಿದ್ದುದು ಎರಡು ಬೇರೆ ಪ್ರಶ್ನೆಗಳಿಗೆ.

ಕೊಳವೆಯೊಳಗೆ ಏನಾಗುತ್ತದೆ?

ಎಂಜಲು ಬರೀ ನೀರಲ್ಲ. ಕೆನ್ನೆಯ ಒಳಪದರದಿಂದ ಉದುರಿದ ಜೀವಕೋಶಗಳು, ಬಿಳಿ ರಕ್ತಕಣಗಳು ಅದರಲ್ಲಿ ಸಾಕಷ್ಟು ಇರುತ್ತವೆ. ಆಗಷ್ಟೇ ತಿಂದ ಅನ್ನದ ಅಗುಳು ಬೆರೆತು ಮಾದರಿ ಕೆಡಬಾರದೆಂದೇ ಅರ್ಧ ಗಂಟೆಯ ಉಪವಾಸ. ಗೆರೆಯವರೆಗೆ ಉಗುಳು ತುಂಬಿಸಿ ಮುಚ್ಚಳ ಹಾಕಿದರೆ, ಮುಚ್ಚಳದೊಳಗಿನ ದ್ರಾವಣ ಕೊಳವೆಗೆ ಇಳಿಯುತ್ತದೆ. ಅದು ಕೋಶಗಳನ್ನು ಒಡೆದು ಡಿಎನ್‌ಎಯನ್ನು ಕಾಪಾಡುತ್ತದೆ. ವಾರಗಟ್ಟಲೆ ಅಂಚೆಯಲ್ಲಿ ಅಲೆದರೂ ಕೆಡುವುದಿಲ್ಲ. ಕೆಲವು ಕಂಪನಿಗಳು ಉಗುಳಿನ ಬದಲು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಉಜ್ಜಿ ಕಳಿಸಲು ಹೇಳುತ್ತವೆ.

ಪ್ರಯೋಗಾಲಯದಲ್ಲಿ ಡಿಎನ್‌ಎಯನ್ನು ಬೇರ್ಪಡಿಸಿ, ಅನೇಕ ಪ್ರತಿ ಮಾಡಿ, ಚೂರು ಮಾಡಿ ಒಂದು ಚಿಪ್ಪಿನ ಮೇಲೆ ಹರಿಸುತ್ತಾರೆ. ಆ ಚಿಪ್ಪಿನ ಮೇಲೆ ಲಕ್ಷಾಂತರ ಸೂಕ್ಷ್ಮ ಕೊಂಡಿಗಳು. ನಮ್ಮ ಡಿಎನ್‌ಎಯ ಚೂರು ತನಗೆ ಹೊಂದುವ ಕೊಂಡಿಗೆ ಅಂಟಿಕೊಂಡು ಬಣ್ಣದ ಬೆಳಕು ಸೂಸುತ್ತದೆ. ಯಂತ್ರ ಆ ಬಣ್ಣ ನೋಡಿ ಅಲ್ಲಿರುವ ಅಕ್ಷರ ಯಾವುದೆಂದು ಬರೆದುಕೊಳ್ಳುತ್ತದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಮನುಷ್ಯನ ಜೀನೋಮಿನಲ್ಲಿರುವ ಅಕ್ಷರಗಳು ಸುಮಾರು 300 ಕೋಟಿ. ಇಂಥ ಕಿಟ್‌ಗಳು ಓದುವುದು ಆರೇಳು ಲಕ್ಷವನ್ನು. ಅಂದರೆ ಹತ್ತು ಸಾವಿರ ಅಕ್ಷರಕ್ಕೆ ಎರಡೋ ಮೂರೋ. ಯಾವ ಇಬ್ಬರನ್ನು ತೆಗೆದುಕೊಂಡರೂ ಡಿಎನ್‌ಎ ಶೇ. 99.9ರಷ್ಟು ಒಂದೇ. ಆದ್ದರಿಂದ ಜನರಿಂದ ಜನರಿಗೆ ಬದಲಾಗುತ್ತವೆಂದು ಮೊದಲೇ ಗೊತ್ತಿರುವ ಜಾಗಗಳನ್ನು ಮಾತ್ರ ಆರಿಸಿ ನೋಡುತ್ತಾರೆ. ಓದುವ ಕೆಲಸ ಬಹುಮಟ್ಟಿಗೆ ನಿಖರ. ಗೊಂದಲ ಶುರುವಾಗುವುದು ಓದಿದ್ದಕ್ಕೆ ಅರ್ಥ ಹೇಳುವಾಗ.

'ಶೇಕಡಾ ಇಷ್ಟು' ಎಲ್ಲಿಂದ ಬಂತು?

ವರದಿಯಲ್ಲಿ ಎಲ್ಲರೂ ಮೊದಲು ನೋಡುವುದು ಬಣ್ಣದ ಚಕ್ರವನ್ನು: ಇಷ್ಟು ಪಾಲು ದಕ್ಷಿಣ ಭಾರತ, ಇಷ್ಟು ಪಾಲು ಇನ್ನೆಲ್ಲಿಯದೋ. ಕೊಡಗಿನವರಿಗೆ ಈ ಚಕ್ರದ ಮೇಲೆ ಎಲ್ಲಿಲ್ಲದ ಕುತೂಹಲ. ಕೊಡವರು ಅಲೆಕ್ಸಾಂಡರನ ಸೈನಿಕರ ಸಂತತಿ, ಅರಬರ ಸಂತತಿ ಎಂಬ ಕಥೆಗಳು ಇಲ್ಲಿ ತಲೆಮಾರುಗಳಿಂದ ಓಡಾಡುತ್ತಿವೆ. ಕೊಡವ ಉಡುಪಾದ ಕುಪ್ಯ ಚೇಲೆಯ ನೆರಿಗೆಯನ್ನೂ ಸೊಂಟದ ಪೀಚೆಕತ್ತಿಯನ್ನೂ ಸಾಕ್ಷಿಗೆ ಕರೆಯುವವರಿದ್ದಾರೆ. ಕಿಟ್ ಅದನ್ನು ಇತ್ಯರ್ಥ ಮಾಡುತ್ತದೆಂಬ ಆಸೆ.

ಮಾಡುವುದಿಲ್ಲ. ಕಂಪನಿಯ ಬಳಿ ಇರುವುದು ಪುರಾತನರ ಡಿಎನ್‌ಎ ಅಲ್ಲ, ಇಂದು ಬದುಕಿರುವವರದು. ಅಜ್ಜ ಅಜ್ಜಿಯರೆಲ್ಲ ಒಂದೇ ಸೀಮೆಯವರೆಂದು ಹೇಳಿಕೊಂಡವರನ್ನು ಗುಂಪು ಮಾಡಿ, ನಿಮ್ಮ ಡಿಎನ್‌ಎಯ ಒಂದೊಂದು ತುಂಡೂ ಯಾವ ಗುಂಪಿಗೆ ಹೆಚ್ಚು ಹೋಲುತ್ತದೆಂದು ಲೆಕ್ಕ ಹಾಕುತ್ತಾರೆ. ಆ ಗುಂಪುಗಳಲ್ಲಿ ಕೊಡಗಿನವರೇ ಸಾಕಷ್ಟು ಇಲ್ಲದಿದ್ದರೆ, ಇರುವವರಲ್ಲಿ ಹತ್ತಿರದ ಯಾರದೋ ಹೆಸರು ನಿಮಗೆ ಅಂಟುತ್ತದೆ. ಕಂಪನಿ ತನ್ನ ಗುಂಪುಗಳನ್ನು ಹಿಗ್ಗಿಸಿದಾಗ ಶೇಕಡಾವಾರು ಅಂಕಿಯೂ ಬದಲಾಗುತ್ತದೆ. ನಿಮ್ಮ ಡಿಎನ್‌ಎ ಮಾತ್ರ ಅದೇ.

ಮೂಲದ ನಿಜವಾದ ಶೋಧ ಬೇರೆ ಬಗೆಯ ಕೆಲಸ. ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೀಚ್ ತಂಡ 2009ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ ಅಧ್ಯಯನ 25 ಸಮುದಾಯಗಳ 132 ಜನರನ್ನು ಪರೀಕ್ಷಿಸಿತ್ತು. ಇಂದಿನ ಭಾರತೀಯರಲ್ಲಿ ಬಹುಪಾಲು ಜನ ಎರಡು ಪ್ರಾಚೀನ ಧಾರೆಗಳ ಬೆರಕೆ, ಬೆರಕೆಯ ಪ್ರಮಾಣ ಮಾತ್ರ ಬೇರೆ ಬೇರೆ ಎಂದು ಅದು ತೋರಿಸಿತು. ಅದರ ಮುಂದುವರಿಕೆಯಾಗಿ 2013ರಲ್ಲಿ ಬಂದ ಅಧ್ಯಯನ, ಈ ಬೆರಕೆ ನಡೆದದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಎಂದಿತು. ಆ ಮೇಲೆ ಮದುವೆಗಳು ಜಾತಿಯೊಳಗೇ ಮುಚ್ಚಿಕೊಂಡವು.

ಒಂದು ಹಳೆಯ ಮೂಳೆ ಸಿಕ್ಕರೆ ಇನ್ನಷ್ಟು ಹೇಳಬಹುದಿತ್ತು. ಕೊಡಗಿನ ಗುಡ್ಡಗಳಲ್ಲಿ ಜನ ಪಾಂಡವಪಾರೆ ಎಂದು ಕರೆಯುವ ಬೃಹತ್ ಶಿಲಾಗೋರಿಗಳೇನೋ ಇವೆ. ಆದರೆ ಇಂಥ ಮಳೆ, ಇಂಥ ಹುಳಿ ಮಣ್ಣಿನಲ್ಲಿ ಮೂಳೆಯಾಗಲಿ ಅದರೊಳಗಿನ ಡಿಎನ್‌ಎಯಾಗಲಿ ಉಳಿಯುವುದು ಬಲು ಕಷ್ಟ.

———
ಇಪ್ಪತ್ತು ತಲೆಮಾರಿನ ಲೆಕ್ಕ
ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು ಜನ. ಹತ್ತು ತಲೆಮಾರು ಹಿಂದಕ್ಕೆ ಹೋದರೆ 1,024 ಸ್ಥಾನ. ಇಪ್ಪತ್ತು ತಲೆಮಾರಿಗೆ 10,48,576. ಕೊಡಗಿನ ಒಟ್ಟು ಜನಸಂಖ್ಯೆ 2011ರ ಜನಗಣತಿಯಲ್ಲೂ 5,54,519 ಮಾತ್ರ. ಅಂದರೆ ಒಬ್ಬನೇ ಅಜ್ಜ, ಒಬ್ಬಳೇ ಅಜ್ಜಿ ನಿಮ್ಮ ವಂಶವೃಕ್ಷದಲ್ಲಿ ಎಷ್ಟೋ ಕೊಂಬೆಗಳಲ್ಲಿ ಮತ್ತೆ ಮತ್ತೆ ಕೂತಿದ್ದಾರೆ.
———

ಯಂತ್ರಕ್ಕೆ ಗೊತ್ತಿಲ್ಲದ ವಾವೆ

ಕಿಟ್‌ನ ಎರಡನೆಯ ಕೆಲಸ ನೆಂಟರನ್ನು ಹುಡುಕಿಕೊಡುವುದು. ನನಗೆ ಇದೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ, ತೊಂದರೆ ಹುಟ್ಟುವುದೂ ಇಲ್ಲೇ.

ಮಗುವಿಗೆ ಡಿಎನ್‌ಎ ಸಿಗುವಾಗ ತಂದೆಯ ಅರ್ಧ, ತಾಯಿಯ ಅರ್ಧ ಬರುತ್ತದೆ. ಪ್ರತಿ ತಲೆಮಾರಿನಲ್ಲೂ ಇಸ್ಪೀಟಿನ ಎಲೆ ಕಲಸಿದಂತೆ ಕಲಸಿ, ತುಂಡು ತುಂಡಾಗಿ ದಾಟುತ್ತದೆ. ಇಬ್ಬರಲ್ಲಿ ಒಂದೇ ರೀತಿಯ ಉದ್ದನೆಯ ತುಂಡುಗಳಿದ್ದರೆ ಅವು ಒಬ್ಬರೇ ಪೂರ್ವಜರಿಂದ ಬಂದಿರಬೇಕು. ತುಂಡುಗಳ ಉದ್ದವನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಕೂಡಿಸಿ ನಂಟನ್ನು ಅಂದಾಜು ಮಾಡುತ್ತಾರೆ. ಒಡಹುಟ್ಟಿದವರಲ್ಲಿ ಸುಮಾರು ಅರ್ಧ, ಮೊದಲ ಸೋದರಸಂಬಂಧಿಗಳಲ್ಲಿ ಸರಾಸರಿ ಶೇ. 12.5, ಅವರ ಮಕ್ಕಳ ನಡುವೆ ಶೇ. 3ರಷ್ಟು ಹಂಚಿಕೆ. ಇನ್ನೊಂದು ತಲೆಮಾರು ದೂರವಾದರೆ ಹತ್ತರಲ್ಲಿ ಒಂದು ಜೋಡಿಯಲ್ಲಿ ಹಂಚಿಕೆಯೇ ಕಾಣಿಸುವುದಿಲ್ಲ. ನಿಜವಾದ ನೆಂಟರೇ, ಆದರೆ ಯಂತ್ರದ ಕಣ್ಣಿಗೆ ಅಪರಿಚಿತರು.

ಈಗ ದೊಡ್ಡಪ್ಪನ ಮಗನನ್ನೂ ಸೋದರಮಾವನ ಮಗನನ್ನೂ ಎದುರಿಗೆ ನಿಲ್ಲಿಸಿ. ಇಬ್ಬರೊಂದಿಗೂ ಹಂಚಿಕೆ ಅದೇ ಶೇ. 12.5. ವರದಿಯಲ್ಲಿ ಇಬ್ಬರಿಗೂ ಒಂದೇ ಹೆಸರು, 'ಕಸಿನ್'. ಕೊಡಗಿನ ಹುಡುಗಿಗೆ ಮೊದಲನೆಯವನು ಒಕ್ಕದವನು, ಅಣ್ಣ. ಮದುವೆಯ ಮಾತೇ ಎತ್ತುವಂತಿಲ್ಲ. ಎರಡನೆಯವನು ಮದುವೆಗೆ ಸಲ್ಲುವ ವಾವೆ. ಇಡೀ ಊರು ನಡೆಯುವುದು ಈ ವ್ಯತ್ಯಾಸದ ಮೇಲೆ. ಆರೇಳು ಲಕ್ಷ ಅಕ್ಷರ ಓದಿದ ಚಿಪ್ಪಿಗೆ ಅದರ ಸುಳಿವೂ ಇಲ್ಲ.

ಇನ್ನೊಂದು ತೊಡಕು. ಇಂಥ ಸೋದರ ಸಂಬಂಧದ ಮದುವೆಗಳು ತಲೆಮಾರುಗಳಿಂದ ನಡೆದಿರುವಾಗ, ಬೇರೆ ಬೇರೆ ದಾರಿಯಿಂದ ಬಂದ ಸಣ್ಣ ಸಣ್ಣ ತುಂಡುಗಳು ಒಬ್ಬರಲ್ಲೇ ಗುಡ್ಡೆಯಾಗುತ್ತವೆ. ಹೊರಗೆ ಮದುವೆಯಾಗುವ ಜನರನ್ನು ನೋಡಿ ಮಾಡಿದ ಸೂತ್ರ ಇಲ್ಲಿ ತಪ್ಪುತ್ತದೆ. ದೂರದ ನೆಂಟ 'ಎರಡನೆಯ ಕಸಿನ್' ಆಗಿ ಕಾಣಿಸುತ್ತಾನೆ. ಕೊಡವರಿಗಷ್ಟೇ ಅಲ್ಲ, ಅರೆಭಾಷೆ ಗೌಡರಿಗೆ, ಮಾಪಿಳ್ಳೆಗಳಿಗೆ, ಯರವರಿಗೆ, ದಕ್ಷಿಣದ ಇನ್ನೂ ಎಷ್ಟೋ ಸಮುದಾಯಗಳಿಗೆ ಈ ಮಾತು ಅನ್ವಯಿಸುತ್ತದೆ.

ಒಕ್ಕ ಎಂದರೆ ಬರೀ ರಕ್ತವೇ?

ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ, ಹೆಚ್ಚು ಬದಲಾಗದೆ ದಾಟುತ್ತದೆ. ಕೊಡವ ಒಕ್ಕವೂ ತಂದೆಯ ಸಾಲಿನಲ್ಲೇ ಸಾಗುತ್ತದೆ. ಹಾಗಾದರೆ ಒಂದು ಒಕ್ಕದ ಗಂಡಸರೆಲ್ಲರ ವೈ ಒಂದೇ ಇರಬೇಕಲ್ಲ? 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ, ಒಕ್ಕಗಳೇ ತಂಡ ಕಟ್ಟಿ ಆಡುವ ಹಾಕಿ ಹಬ್ಬಕ್ಕೆ 60 ಒಕ್ಕಗಳು ಬಂದಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದಾಗ 360. ಒಂದೊಂದು ತಂಡವೂ ಒಂದೊಂದು ವೈ ಎಂದು ಲೆಕ್ಕ ಹಾಕಲು ಆಸೆಯಾಗುತ್ತದೆ.

ಆ ಆಸೆಗೆ ತಡೆ ಹಾಕುವುದು ಕೊಡಗಿನ ಕಟ್ಟಳೆಯೇ. ಗಂಡು ಸಂತಾನವಿಲ್ಲದೆ ಒಕ್ಕ ಅಳಿಯುವ ಹಾಗಾದಾಗ ಹಿರಿಯರು ಎರಡು ದಾರಿ ಇಟ್ಟುಕೊಂಡಿದ್ದರು. 'ಒಕ್ಕ ಪರಿಜೆ'ಯಲ್ಲಿ ಗಂಡ ತನ್ನ ಮನೆ ಬಿಟ್ಟು ಹೆಂಡತಿಯ ಒಕ್ಕ ಸೇರುತ್ತಾನೆ, ಅದೇ ಒಕ್ಕದವನಾಗುತ್ತಾನೆ. 'ಮಕ್ಕ ಪರಿಜೆ'ಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿಯುತ್ತಾನೆ, ಹುಟ್ಟಿದ ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಆ ಮಕ್ಕಳು ಪೂರ್ಣ ಹಕ್ಕಿನವರು. ಕಾರೋಣನಿಗೆ ಬಡಿಸುವ ಎಡೆಯಲ್ಲಿ ಅವರ ಕೈಯೂ ಇರುತ್ತದೆ. ಅವರ ಗಂಡುಮಕ್ಕಳ ವೈ ಮಾತ್ರ ಬೇರೆ ಮನೆಯದು.

ಒಕ್ಕ ಬರೀ ರಕ್ತವಲ್ಲ ಎಂಬ ತಿಳಿವಳಿಕೆ ಮದುವೆಯ ಶಾಸ್ತ್ರದಲ್ಲೂ ಇದೆ. 'ಸಂಬಂಧ ಅಡ್‌ಕುವೊ' ಎಂಬಲ್ಲಿ ಎರಡೂ ಕಡೆಯ ಪ್ರತಿನಿಧಿಗಳಾದ ಅರುವರು ಎದುರೆದುರು ನಿಂತು, ಬೆಣಚುಕಲ್ಲುಗಳನ್ನು ಕೈ ಬದಲಾಯಿಸಿ, ಹೆಣ್ಣಿಗೆ ಗಂಡನ ಒಕ್ಕದಲ್ಲಿ ಹಕ್ಕು ಕೊಡುತ್ತಾರೆ. ಸಾಕ್ಷಿಗಳ ಎದುರು ಆಡಿದ ಮಾತು ಮನುಷ್ಯರನ್ನು ಒಕ್ಕಕ್ಕೆ ಸೇರಿಸುತ್ತದೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯಲ್ಲಿ ಈ ಪದ್ಧತಿಗಳೆಲ್ಲ ದಾಖಲಾಗಿವೆ. ಅದನ್ನು ಇಂಗ್ಲಿಷಿಗೆ ತಂದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಐನ್‌ಮನೆಗಳನ್ನು ಹುಡುಕಿಕೊಂಡು ಕೊಡಗಿನ ಊರೂರು ಸುತ್ತಿ, ಒಕ್ಕಗಳ ವಿವರ ಕಲೆಹಾಕಿದ್ದಾರೆ.

ಇಷ್ಟೆಲ್ಲ ಹೇಳಲು ಕಾರಣವಿದೆ. ನಾಳೆ ಒಂದೇ ಒಕ್ಕದ ಇಬ್ಬರು ತರುಣರು ಕಿಟ್‌ನಲ್ಲಿ ಉಗಿದು, ಇಬ್ಬರ ವೈ ಬೇರೆ ಬೇರೆ ಎಂದು ಬಂದರೆ, ಯಾವುದೋ ಮುತ್ತಜ್ಜಿಯ ನಡತೆಯ ಮೇಲೆ ಬೆರಳು ತೋರಿಸುವವರು ಹುಟ್ಟಿಕೊಳ್ಳುತ್ತಾರೆ. ಆ ಮುತ್ತಜ್ಜಿಗೆ ಎದ್ದು ಬಂದು ಉತ್ತರ ಹೇಳಲು ಆಗುವುದಿಲ್ಲ. ಅವಳ ಮದುವೆ ಒಕ್ಕ ಪರಿಜೆಯಲ್ಲಿ, ನಾಲ್ಕು ನಾಡಿನ ಎದುರು ನಡೆದಿರಬಹುದು. ದತ್ತು ನಡೆದಿರಬಹುದು. ಕ್ಷೀಣಿಸಿದ ಎರಡು ಒಕ್ಕಗಳು ಒಂದಾಗಿರಬಹುದು. ವರದಿ ತೆರೆಯುವ ಮೊದಲು ಈ ವಿಷಯ ಗೊತ್ತಿರಬೇಕು.

———
ಮಾಕುಟ್ಟದ ಆಚೆ
ಭಾರತದ ನ್ಯಾಯಾಲಯವೊಂದು ಡಿಎನ್‌ಎ ಸಾಕ್ಷ್ಯವನ್ನು ಮೊದಲ ಬಾರಿಗೆ ಒಪ್ಪಿದ್ದು ಕೊಡಗಿನ ನೆರೆಯಲ್ಲೇ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಸಿಗುವ ತಲಶೇರಿಯಲ್ಲಿ, 1980ರ ದಶಕದ ಕೊನೆಯಲ್ಲಿ, ಮಗುವಿನ ತಂದೆ ಯಾರೆಂಬ ಮೊಕದ್ದಮೆಯಲ್ಲಿ. ಪರೀಕ್ಷೆ ನಡೆಸಿದವರು ಲಾಲ್‌ಜಿ ಸಿಂಗ್. ಅವರ ವಿಧಾನಕ್ಕೆ ಆಧಾರವಾದ ಡಿಎನ್‌ಎ ತುಂಡು ಮೊದಲು ಸಿಕ್ಕಿದ್ದು ಪಟ್ಟೆ ಕಟ್ಟುಹಾವಿನಲ್ಲಿ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದದ್ದು 1984ರಲ್ಲಿ.
———

ತಲಶೇರಿಯ ಆ ಮೊಕದ್ದಮೆಯ ನಂತರ ಕಾನೂನು ಎಚ್ಚರಿಕೆಯಿಂದಲೇ ಹೆಜ್ಜೆ ಇಟ್ಟಿದೆ. ತಂದೆತನ ತಿಳಿಯಲು ರಕ್ತಪರೀಕ್ಷೆಗೆ ವಾಡಿಕೆಯಂತೆ ಆದೇಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಗಂಡ ಹೆಂಡಿರ ಜಗಳದಲ್ಲಿ ಮಗುವನ್ನು ಡಿಎನ್‌ಎ ಪರೀಕ್ಷೆಗೆ ಎಳೆಯುವುದರ ವಿರುದ್ಧ 2023ರಲ್ಲಿ ಮತ್ತೆ ಎಚ್ಚರಿಸಿತು. ಮದುವೆಯೊಳಗೆ ಹುಟ್ಟಿದ ಮಗು ಆ ದಂಪತಿಯದೇ ಎಂಬುದು ಕಾನೂನಿನ ಮೊದಲ ನಂಬಿಕೆ. ಮನೆಯಲ್ಲಿ ಉಗಿದು ಕಳಿಸಿದ ಕೊಳವೆಯ ವರದಿಗೆ ನ್ಯಾಯಾಲಯದಲ್ಲಿ ಹೆಚ್ಚು ಬೆಲೆಯೂ ಇಲ್ಲ. ಉಗಿದವರು ಯಾರು, ಮಾದರಿ ಯಾರ ಯಾರ ಕೈ ದಾಟಿತು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲವಲ್ಲ.

ಒಬ್ಬರು ಉಗಿದರೆ ಒಕ್ಕವೇ ಬಯಲು

2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನೊಬ್ಬನನ್ನು ಹಿಡಿದರು. ಅವನು ಯಾವ ಕಿಟ್‌ಗೂ ಉಗಿದಿರಲಿಲ್ಲ. ದೂರದ ನೆಂಟರು ಜಾಲತಾಣದಲ್ಲಿ ಹಾಕಿದ್ದ ಡಿಎನ್‌ಎ ಮಾಹಿತಿಯ ಜಾಡು ಹಿಡಿದು ಅವನ ಮನೆ ಮುಟ್ಟಿದರು. ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ. ಆದರೆ ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಒಂದು ಜನಸಮೂಹದ ಶೇ. 2ರಷ್ಟು ಮಂದಿಯ ಡಿಎನ್‌ಎ ಸಂಗ್ರಹದಲ್ಲಿದ್ದರೆ ಸಾಕು, ಉಳಿದ ಬಹುತೇಕ ಎಲ್ಲರಿಗೂ ಅದರಲ್ಲೊಬ್ಬ ನೆಂಟ ಸಿಗುತ್ತಾನೆ ಎಂದು ಲೆಕ್ಕ ಹಾಕಿತು. ನೂರು ಜನರಲ್ಲಿ ಇಬ್ಬರು! ಎಲ್ಲರೂ ಎಲ್ಲರಿಗೂ ನೆಂಟರಾದ ಕೊಡಗಿನಂಥ ಕಡೆ ಈ ಲೆಕ್ಕ ಎಷ್ಟು ಬೇಗ ಕೂಡಿಬಂದೀತು ಎಂದು ಯೋಚಿಸಿ.

2006ರಲ್ಲಿ ಹುಟ್ಟಿದ, ಇಂಥ ಕಿಟ್ ಮಾರುವ 23ಆಂಡ್‌ಮಿ ಕಂಪನಿಯ ಕಥೆಯೂ ಇದನ್ನೇ ಹೇಳುತ್ತದೆ. 2023ರಲ್ಲಿ ಕಳ್ಳರು ಒಳಹೊಕ್ಕಿದ್ದು ಸುಮಾರು 14,000 ಗ್ರಾಹಕರ ಖಾತೆಗೆ. ಆ ಖಾತೆಗಳ 'ನೆಂಟರು' ಎಂಬ ಕಿಟಕಿಯಿಂದ ಇಣುಕಿ ಅವರು ಕದ್ದದ್ದು 69 ಲಕ್ಷ ಜನರ ಮಾಹಿತಿ. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಂದೂವರೆ ಕೋಟಿ ಜನರ ಡಿಎನ್‌ಎ ಮಾಹಿತಿ ಹರಾಜಿನ ಸರಕಾಯಿತು. ಕೊನೆಗೆ ಸಂಸ್ಥಾಪಕಿ ಆನ್ ವೊಜಿಸ್ಕಿಯವರ ಲಾಭರಹಿತ ಸಂಸ್ಥೆಯೇ 30.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಡಿಎನ್‌ಎಯನ್ನು ಏನು ಮಾಡುವುದು?

ಅದಕ್ಕೇ ನನ್ನ ಅಭಿಪ್ರಾಯ ಖಚಿತವಾಗಿದೆ. ಐನ್‌ಮನೆಯ ಮಾಡು ಹೊದಿಸುವ ಮೊದಲು, ಒಕ್ಕದ ಬಾಣೆ ಕಾಡಿನ ಮರ ಕಡಿಯುವ ಮೊದಲು ಎಲ್ಲರನ್ನೂ ಕೇಳುತ್ತಾರೆ. ಒಕ್ಕದ ಡಿಎನ್‌ಎಯನ್ನು ಅಂಚೆಗೆ ಹಾಕುವ ಮೊದಲೂ ಕೇಳಬೇಕು.

———
ಕೋವಿಗೆ ಕೊಳವೆ ಬೇಡ
ಕೊಡವ ಕುಲದವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. 'ಕುಲ' ಎಂಬ ಮಾತು ಕಾಗದದಲ್ಲಿದ್ದರೂ ಅದು ನಿಲ್ಲುವುದು ಒಕ್ಕದ ಹೆಸರು, ಕಂದಾಯ ದಾಖಲೆಗಳ ಮೇಲೆ.
———

ಬೇಕಾದ ಪರೀಕ್ಷೆ ಬೇರೆಯೇ ಇದೆ

ಕಿಟ್‌ಗಳು ಆರೋಗ್ಯದ ವರದಿಯನ್ನೂ ಕೊಡುತ್ತವೆ. ಅದನ್ನು ಓದುವಾಗ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಸ್ತನ ಕ್ಯಾನ್ಸರ್ ಅಪಾಯದ ಬಿಆರ್‌ಸಿಎ ಜೀನುಗಳಲ್ಲಿ ಸಾವಿರಾರು ಬಗೆಯ ದೋಷಗಳು ಗೊತ್ತಿವೆ. 2018ರಲ್ಲಿ ಅಮೆರಿಕದಲ್ಲಿ ಮನೆ ಕಿಟ್‌ಗೆ ಅನುಮತಿ ಸಿಕ್ಕಿದ್ದು ಮೂರನ್ನು ನೋಡಲು. ಅವು ಅಷ್ಕೆನಾಜಿ ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವಂಥವು. 'ದೋಷವಿಲ್ಲ' ಎಂಬ ವರದಿ ಹಿಡಿದು ಮಡಿಕೇರಿಯ ಹೆಣ್ಣುಮಗಳು ನಿಶ್ಚಿಂತೆಯಿಂದ ಕೂತರೆ ಅದು ಅಪಾಯ. ವೈದ್ಯರ ಸಲಹೆಯೊಂದಿಗೆ ಪೂರ್ಣ ಪರೀಕ್ಷೆ ಮಾಡಿಸುವುದೇ ದಾರಿ.

ಒಳಮದುವೆಯ ಸಮುದಾಯಗಳಿಗೆ ತಮ್ಮದೇ ಡಿಎನ್‌ಎಯ ಅಧ್ಯಯನ ಬೇಕೇ ಬೇಕು. ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದ 2017ರ ಅಧ್ಯಯನವೊಂದು, 81ರಲ್ಲಿ ಕೆಲವೇ ಪೂರ್ವಜರಿಂದ ಬೆಳೆದು ಬಂದ ಗುರುತು ಅಷ್ಕೆನಾಜಿ ಯಹೂದಿಗಳಿಗಿಂತಲೂ ಗಾಢವಾಗಿದೆ ಎಂದು ಕಂಡಿತು. ಇಂಥ ಗುಂಪುಗಳಲ್ಲಿ ಕೆಲವು ಅಪರೂಪದ ಕಾಯಿಲೆಗಳು ಪದೇಪದೇ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ 'ಜೀನೋಮ್ ಇಂಡಿಯಾ' 83 ಸಮುದಾಯಗಳ ಸುಮಾರು 10,000 ಜನರ ಪೂರ್ಣ ಜೀನೋಮನ್ನು ಓದಿದ್ದು ಈ ಕಾರಣಕ್ಕೇ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆಯಿತು.

ಕಾಫಿ ತೋಟಗಳ ಅಂಚಿನ ಆದಿವಾಸಿ ಹಾಡಿಗಳಿಗೆ ಬಂದರೆ ಮೂಲದ ಬಣ್ಣದ ಚಕ್ರ ಯಾರಿಗೂ ಬೇಕಿಲ್ಲ. ಆದಿವಾಸಿಗಳನ್ನು ಕಾಡುವ ಕುಡುಗೋಲು ಕಣ ರಕ್ತಹೀನತೆಯೂ ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅದನ್ನು ಪತ್ತೆ ಮಾಡಲು ಬೆರಳ ತುದಿಯ ಒಂದು ಹನಿ ರಕ್ತ ಸಾಕು. 2047ರೊಳಗೆ ಈ ಕಾಯಿಲೆ ತೊಲಗಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ಯರವರ, ಕುರುಬರ ಮಕ್ಕಳಿಗೆ ಆ ಒಂದು ಹನಿಯ ವರದಿ ಸಕಾಲಕ್ಕೆ ಕೈಸೇರಲಿ ಎಂಬುದು ನನ್ನ ಹಂಬಲ.

ತಾಮನೆಯ ತಾಮನೆ

ಮತ್ತೆ ಪುತ್ತರಿಯ ರಾತ್ರಿಗೆ ಬರುತ್ತೇನೆ. ಹುಡುಗಿ ಕೊನೆಗೆ ತಂಬುಟ್ಟು ತಿಂದಳು. ಕೊಳವೆ ಪೆಟ್ಟಿಗೆಗೆ ಮರಳಿತು. ಊಟವಾದ ಮೇಲೆ ಅವಳು ನನಗೆ ಮೈಟೊಕಾಂಡ್ರಿಯದ ವಿಷಯ ವಿವರಿಸಿದಳು. ಜೀವಕೋಶದೊಳಗಿನ ಆ ಪುಟ್ಟ ಅಂಗಕ್ಕೆ ತನ್ನದೇ ಡಿಎನ್‌ಎ ಇದೆ. ಅದು ಬರುವುದು ತಾಯಿಯಿಂದ ಮಾತ್ರ. ತಾಯಿಗೆ ಅವಳ ತಾಯಿಯಿಂದ.

ನಡುಬಾಡೆಯ ಗೋಡೆಯ ಮೇಲೆ ಒಕ್ಕದ ವಂಶವೃಕ್ಷ ತೂಗಿತ್ತು. ಹನ್ನೊಂದು ತಲೆಮಾರು, ಎಲ್ಲ ಗಂಡಸರ ಹೆಸರು. ಮೈಟೊಕಾಂಡ್ರಿಯ ನಡೆದ ದಾರಿ ಅದರಲ್ಲಿ ಎಲ್ಲೂ ಇರಲಿಲ್ಲ. ಆ ದಾರಿ ಪ್ರತಿ ಮದುವೆಯಲ್ಲೂ ಒಂದು ಐನ್‌ಮನೆ ಬಿಟ್ಟು ಇನ್ನೊಂದಕ್ಕೆ ಹೊರಟಿರುತ್ತದೆ.

ಅವಳು ಎದ್ದು ಹೋಗಿ, ಅಂದು ಹಬ್ಬಕ್ಕೆ ಬಂದಿದ್ದ ತನ್ನ ತಾಯಿಯ ತಾಯಿಯ ಪಕ್ಕ ಕೂತು ತಾಮನೆಯ, ಅಂದರೆ ತವರಿನ, ಮಾತು ತೆಗೆದಳು. "ನಿಮ್ಮ ತಾಮನೆ ಯಾವುದು, ಗೊತ್ತು. ನಿಮ್ಮ ಅವ್ವನ ತಾಮನೆ?"

ಮುದುಕಿ ಹೇಳಿದರು. ಅವರ ಅವ್ವನ ಅವ್ವನದೂ ಹೇಳಿದರು, ಕಕ್ಕಬ್ಬೆ ಕಡೆಯದು. ಅದರ ಹಿಂದಿನದಕ್ಕೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಮನೆಯ ಹೆಸರು ಬಾಯಿಗೆ ಬರಲಿಲ್ಲ. ಗದ್ದೆಯ ಆಚೆ ಎರಡು ಹಲಸಿನ ಮರ ಇತ್ತಂತೆ, ಹೊಳೆ ದಾಟಿ ಹೋಗಬೇಕಿತ್ತಂತೆ ಎಂದರು. ಹುಡುಗಿ ಕಿಟ್‌ನ ಪೆಟ್ಟಿಗೆಯನ್ನೇ ತೊಡೆಯ ಮೇಲಿಟ್ಟುಕೊಂಡು, ಅದರ ಬಿಳಿ ಮುಚ್ಚಳದ ಮೇಲೆ ಅಷ್ಟನ್ನೂ ಬರೆದುಕೊಂಡಳು.